ಕೆಟ್ಟ ಫೋಟೋಗೂ ಒಂದು ಗಂಟೆ ನೀರು

ಮೇಷ್ಟ್ರನ್ನು ನಾನು ಮೊದಲು ನೋಡಿದ ದಿನವೇ ಅವರ ಒಂದು ಡಬ್ಬಿ ಫೋಟೋ ಪೇಪರು ಹಾಳು ಮಾಡಿದೆ.

ಆ ಕಟ್ಟಡದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ ಅದು ಎರಡನೇ ದಿನ. ಕೆಳಗೆ ಪತ್ರಿಕೆ ಓದುವ ಹಾಲು, ಮೇಲೆ ಹೊಲಿಗೆ ಕ್ಲಾಸು, ಅದರ ಪಕ್ಕದಲ್ಲಿ ಟೈಪಿಂಗ್ ಕಲಿಸುವ ಕೋಣೆ. ಮೆಟ್ಟಿಲ ಹಿಂದೆ ಒಂದು ಬಾಗಿಲಿತ್ತು. ಮುರಿದ ಕುರ್ಚಿಗಳನ್ನು ಇಡುವ ಕೋಣೆ ಎಂದು ಯಾರೋ ಹೇಳಿದ್ದರು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಪೊರಕೆ ಹಿಡಿದುಕೊಂಡು ಹೋಗಿ ಆ ಬಾಗಿಲು ತಳ್ಳಿದೆ. ಒಳಗೆ ಒಂದು ಕೆಂಪು ದೀಪ, ಹುಳಿ ಹುಳಿ ವಾಸನೆ, ಮೇಜಿನ ಸುತ್ತ ಐದಾರು ಜನ. ನನ್ನ ಬೆನ್ನ ಹಿಂದಿನಿಂದ ಅಂಗಳದ ಬಿಸಿಲೆಲ್ಲ ಒಳಗೆ ನುಗ್ಗಿತು. ಎಲ್ಲರೂ ಒಟ್ಟಿಗೆ ಅಯ್ಯೋ ಎಂದರು. ಮೇಜಿನ ಮೇಲೆ, ಬೆಳಕು ತಾಗಿದರೆ ಕೆಡುವ ಫೋಟೋ ಹಾಳೆಗಳ ಒಂದು ಡಬ್ಬಿ ಬಾಯಿ ತೆರೆದುಕೊಂಡಿತ್ತು. ಮುಚ್ಚಳ ಒಬ್ಬ ಹುಡುಗಿಯ ಕೈಯಲ್ಲಿತ್ತು.

ನಾನು ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ನಾನು ಇಪ್ಪತ್ತೆರಡು ವರ್ಷ ದುಡಿದಿದ್ದ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೂ ಮುಚ್ಚಿತ್ತು. ಈಗ ಇದೂ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ತೆಳ್ಳಗಿನ, ಎತ್ತರದ ಒಬ್ಬ ಮನುಷ್ಯ ಹೊರಗೆ ಬಂದರು. ಅವರೇ ಫೋಟೋ ಕ್ಲಾಸಿನ ಮೇಷ್ಟ್ರು. ಅಂಗಿಯ ಮೇಲೆ ಕಟ್ಟಿಕೊಂಡಿದ್ದ ಬಟ್ಟೆಯ ತುಂಬ ಕಂದು ಕಲೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡಿದರು.

"ಒಳಗೆ ಬನ್ನಿ ಅಮ್ಮಾ. ಏನು ಮಾಡಿದ್ರಿ ಅಂತ ನೀವೇ ನೋಡಿ."

ಡಬ್ಬಿಯಿಂದ ಒಂದು ಹಾಳೆ ತೆಗೆದರು. ಬರೀ ಬಿಳಿ ಹಾಳೆ. ಅದನ್ನು ಮೊದಲ ಟ್ರೇಯ ಔಷಧಿ ನೀರಿನೊಳಗೆ ಜಾರಿಸಿ ಟ್ರೇಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತ ನಿಂತರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಾಳೆಗೆ ಬೂದು ಬಂತು, ಬೂದಿನ ಮೇಲೆ ಕಪ್ಪು ಬಂತು, ಕೊನೆಗೆ ಟ್ರೇಯಲ್ಲಿ ಹಾಳೆ ಇದೆಯೋ ತೂತು ಬಿದ್ದಿದೆಯೋ ತಿಳಿಯದ ಹಾಗಾಯಿತು. ನನಗೆ ಹೆದರಿಕೆ ಮರೆತೇ ಹೋಯಿತು. ಕಾರ್ಖಾನೆಯಲ್ಲಿ ಕಪ್ಪು ಬಣ್ಣ ನಿಲ್ಲಬೇಕಾದರೆ ಬಟ್ಟೆಯನ್ನು ಮೂರು ಸಲ ಅದ್ದಬೇಕಿತ್ತು.

ಒಂದೇ ಸಲ ಅದ್ದಿದ್ದಕ್ಕೆ ಇಷ್ಟು ಕಪ್ಪಾ ಎಂದು ಕೇಳಿದೆ.

ಅವರು ನಕ್ಕರು. ಕಲಿಯುವವರ ಕಡೆ ತಿರುಗಿ ಹೇಳಿದರು: "ಕೇಳಿಸ್ಕೊಂಡ್ರಾ? ನಿಜವಾದ ಕಪ್ಪು ತನ್ನಿ, ನಿಜವಾದ ಕಪ್ಪು ತನ್ನಿ ಅಂತ ಆರು ವಾರದಿಂದ ಬಾಯಿ ಬಡ್ಕೋತಾ ಇದ್ದೀನಿ. ಈಯಮ್ಮ ಬಾಗಿಲು ತಳ್ಳಿ ಒಂದು ಡಬ್ಬಿ ತುಂಬ ತಂದ್ರು."

ಆ ಹಾಳೆಯನ್ನು ಅವರು ಎಸೆಯಲಿಲ್ಲ. ಉಳಿದವರ ಫೋಟೋಗಳ ಜೊತೆ ಒಂದು ಗಂಟೆ ಹರಿಯುವ ನೀರಿನಲ್ಲಿಟ್ಟು, ಒಣಗಿಸಿ, ಹೊರಗಿನ ಕೋಣೆಯ ಗೋಡೆಗೆ ಸಿಕ್ಕಿಸಿದರು. ಅದು ಅವರ ಪದ್ಧತಿ. ಯಾರೇ ಕಲಿಯಲು ಬರಲಿ, ಅವರ ಮೊದಲ ಪ್ರಿಂಟು ಗೋಡೆಗೆ ಹೋಗಬೇಕು. ವಕ್ರವಿರಲಿ, ಕಲೆ ಬಿದ್ದಿರಲಿ, ತಲೆ ಕತ್ತರಿಸಿ ಹೋಗಿರಲಿ. ಮತ್ತೆ, ಕೆಟ್ಟ ಫೋಟೋಗೂ ಒಳ್ಳೆಯದಕ್ಕೂ ಒಂದೇ ನೀರು, ಪೂರ್ತಿ ಒಂದು ಗಂಟೆ. ನೀರು ಕಡಿಮೆಯಾದರೆ ಔಷಧಿ ಒಳಗೇ ಉಳಿದು ಕೆಲವು ವರ್ಷಕ್ಕೆ ಹಾಳೆ ಹಳದಿಯಾಗುತ್ತದೆ. ಕೆಟ್ಟದ್ದಕ್ಕೆ ಯಾಕೆ ಅಷ್ಟು ನೀರು ಎಂದು ಯಾರಾದರೂ ಕೇಳಿದರೆ, ಕೆಟ್ಟದ್ದು ಅಂತ ಇವತ್ತೇ ತೀರ್ಮಾನ ಮಾಡೋಕೆ ನೀನ್ಯಾರು ಎಂದು ಕೇಳುತ್ತಿದ್ದರು.

ಆ ನೀರಿನ ಕೆಲಸ ನನ್ನ ಪಾಲಿಗೆ ಬಂತು. ಹಾಳೆಗಳು ಒಂದಕ್ಕೊಂದು ಅಂಟದಂತೆ ಆಡಿಸುವುದು, ಕೆಳಗಿನದನ್ನು ಮೇಲೆ ತರುವುದು, ಗಂಟೆಯಾದ ಮೇಲೆ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕುವುದು. ಎರಡು ತಿಂಗಳಿಗೆ ಎಲ್ಲರೂ ನನ್ನನ್ನು ನೀರಮ್ಮ ಎನ್ನತೊಡಗಿದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಎಣಿಕೆಯ ಕೆಲಸವೂ ಹಾಗೆಯೇ ಬಂತು. ಫೋಟೋದ ಹಾಳೆ ಮೊದಲ ಟ್ರೇಯಲ್ಲಿ ಎರಡು ನಿಮಿಷ ಇರಬೇಕು. ಕತ್ತಲಲ್ಲಿ ಮುಳ್ಳು ಮಿನುಗುವ ಒಂದು ಗಡಿಯಾರವಿತ್ತು, ಅದು ಒಂದು ದಿನ ನಿಂತುಹೋಯಿತು. ಬಣ್ಣದ ತೊಟ್ಟಿಯ ಮುಂದೆ ನಿಂತು ನಾವು ಹೆಂಗಸರು ಎಣಿಸುತ್ತಿದ್ದೆವು. ಬಟ್ಟೆ ಒಂದು ಎಣಿಕೆ ಹೆಚ್ಚು ಮುಳುಗಿದರೂ ಮೇಸ್ತ್ರಿಗೆ ಗೊತ್ತಾಗುತ್ತಿತ್ತು. ನಾನು ಎಣಿಸುತ್ತೇನೆ ಎಂದೆ. ಮೇಷ್ಟ್ರು ತಮ್ಮ ಕೈಗಡಿಯಾರ ತೆಗೆದುಕೊಂಡು ಹೊರಗೆ ಹೋದರು, ನಾನು ಒಳಗೆ ಎಣಿಸಿ ನೂರಿಪ್ಪತ್ತಕ್ಕೆ ಬಾಗಿಲು ತಟ್ಟಿದೆ. ಎರಡು ನಿಮಿಷಕ್ಕೆ ಒಂದು ಸೆಕೆಂಡು ಕಡಿಮೆ. ಇನ್ನೊಮ್ಮೆ ಮಾಡಿಸಿದರು. ಸರಿಯಾಗಿ ಎರಡು ನಿಮಿಷ. ಆ ಗಡಿಯಾರವನ್ನು ರಿಪೇರಿಗೆ ಕೊಡಲೇ ಇಲ್ಲ. ಹತ್ತು, ಇಪ್ಪತ್ತು, ಮೂವತ್ತು ಎಂದು ನಾನು ಟ್ರೇ ಪಕ್ಕದಲ್ಲಿ ಹೇಳುತ್ತಿದ್ದರೆ ಕಲಿಯುವವರು ಟ್ರೇ ಆಡಿಸುತ್ತಿದ್ದರು.

ಮೇಷ್ಟ್ರು ಮೂವತ್ತನಾಲ್ಕು ವರ್ಷ ಒಂದು ಸ್ಟುಡಿಯೋದಲ್ಲಿ ಪ್ರಿಂಟು ಹಾಕುತ್ತಿದ್ದವರು. ಫೋಟೋ ತೆಗೆಯುವವರು ಬೇರೆ, ಇವರದು ಕತ್ತಲೆಯ ಕೆಲಸ. ಬಣ್ಣದ ಫೋಟೋ ಬಂದು ಸ್ಟುಡಿಯೋ ಮುಚ್ಚಿದಾಗ ಮಾಲೀಕರು ಫೋಟೋ ದೊಡ್ಡದು ಮಾಡುವ ಯಂತ್ರವನ್ನು ಇವರಿಗೇ ಕೊಟ್ಟುಬಿಟ್ಟರು. ಅದನ್ನು ಮನೆಗೆ ತರಲು ಮನೆಯವರು ಒಪ್ಪಲಿಲ್ಲ. ಹಾಗಾಗಿ ಈ ಮುರಿದ ಕುರ್ಚಿಗಳ ಕೋಣೆ, ಹಾಗಾಗಿ ಈ ಭಾನುವಾರದ ಕ್ಲಾಸು. ಅವರ ಮನೆಯವರು ನನಗೆ ಹೇಳುತ್ತಿದ್ದರು: "ಮದುವೆಯಾದಾಗಿಂದ ಇವರ ಮುಖ ನಾನು ಬೆಳಕಲ್ಲಿ ನೋಡಿದ್ದು ಭಾನುವಾರ ಒಂದೇ. ಈಗ ಅದನ್ನೂ ನಿಮ್ಮ ಕ್ಲಾಸಿಗೆ ಕೊಟ್ಟಾಯ್ತು." ಬೀದಿಯವರು ಅವರನ್ನು ಕತ್ತಲೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರಿಗೂ ಆ ಹೆಸರು ಇಷ್ಟವಿತ್ತು.

ಅವರು ಕಲಿಸುವ ರೀತಿಯೇ ಬೇರೆ. ಮೊದಲ ವಾರ ಕೆಂಪು ದೀಪವನ್ನೂ ಆರಿಸಿ ಹತ್ತು ನಿಮಿಷ ಎಲ್ಲರನ್ನೂ ಸುಮ್ಮನೆ ಕೂರಿಸುತ್ತಿದ್ದರು. ಎರಡನೇ ವಾರ ಹಾಳೆಯ ಎರಡು ಬದಿಯನ್ನು ಕತ್ತಲಲ್ಲಿ ಗುರುತಿಸಬೇಕು. ಒದ್ದೆ ತುಟಿಗೆ ಮೂಲೆ ತಾಗಿಸಿದರೆ ಯಾವ ಬದಿ ಅಂಟುತ್ತದೋ ಅದು ಮೇಲೆ. ಒಬ್ಬ ಬಸ್ ಕಂಡಕ್ಟರ್ ಬರುತ್ತಿದ್ದ. ನೋಟು ಎಣಿಸಿ ಎಣಿಸಿ ಅಭ್ಯಾಸವಾಗಿದೆ, ನನಗೆ ಬೆರಳೇ ಸಾಕು ಎಂದ. ಮೂರು ವಾರ ತಲೆಕೆಳಗು ಹಾಕಿದ. ಆಮೇಲೆ ಸೋತು ತುಟಿಗೆ ತಂದ. ಎಲ್ಲರಿಗೂ ಮೂರನೇ ವಾರದ ಪಾಠ ಬೆಳಕಿನ ಪಟ್ಟಿ. ಹಾಳೆಯ ಒಂದು ಉದ್ದ ತುಂಡಿನ ಮೇಲೆ ರಟ್ಟು ಸರಿಸುತ್ತ ಐದೈದು ಎಣಿಕೆಯ ಬೆಳಕನ್ನು ಐದು ಸಲ ಕೊಡಬೇಕು. ಟ್ರೇಯಲ್ಲಿ ಅದು ಬೂದಿಯಿಂದ ಕಪ್ಪಿನವರೆಗೆ ಐದು ಮೆಟ್ಟಿಲಾಗಿ ಬರುತ್ತದೆ. ಯಾವ ಮೆಟ್ಟಿಲು ಸರಿ ಎಂದು ಮೇಷ್ಟ್ರು ಎಂದೂ ಹೇಳಿದವರಲ್ಲ. ನೀವೇ ಹೇಳಿ ಎನ್ನುತ್ತಿದ್ದರು. ಕಪ್ಪು ಬಂದಿದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಗೋಡೆಯ ಮೇಲಿನ ನನ್ನ ಹಾಳೆಯ ಪಕ್ಕಕ್ಕೆ ಹಿಡಿದು ನೋಡಬೇಕು. ಅದಕ್ಕೆ ನೀರಮ್ಮನ ಕಪ್ಪು ಎಂದೇ ಹೆಸರಾಯಿತು.

ಒಂದು ಮಾತನ್ನಂತೂ ಪ್ರತಿ ವಾರ ಹೇಳುತ್ತಿದ್ದರು. ಕೆಂಪು ದೀಪದಲ್ಲಿ ಫೋಟೋ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಹೆದರಿ ಬೇಗ ತೆಗೆಯಬೇಡಿ, ಕಣ್ಣನ್ನು ಬಿಡಿ, ನೀರಮ್ಮನ ಎಣಿಕೆ ನಂಬಿ.

ಹನ್ನೊಂದು ವರ್ಷ ಹೀಗೆ ನಡೆಯಿತು. ಹನ್ನೆರಡನೇ ವರ್ಷ ನನ್ನ ಎಣಿಕೆ ಪೂರ್ತಿಯಾಗುವುದು ನಿಂತಿತು.

ಎಪ್ಪತ್ತು ಎನ್ನುವಷ್ಟರಲ್ಲಿ ಮೇಷ್ಟ್ರು ಸಾಕು, ತೆಗೀರಿ ಎನ್ನುತ್ತಿದ್ದರು. ಹೊಸ ಪೇಪರಿನಲ್ಲಿ ಚಿತ್ರ ಬೇಗ ಮೂಡುತ್ತೆ ಎಂದರು. ನಾನು ನಂಬಿದೆ. ಅವರ ಮಾತನ್ನು ನಂಬದೇ ಇರಲು ನನಗೇನು ಗೊತ್ತಿತ್ತು? ಆದರೆ ನೀರಿನಿಂದ ಎತ್ತಿ ತಂತಿಗೆ ಹಾಕುವವಳು ನಾನು. ಫೋಟೋಗಳು ಬಿಳಚಿಕೊಂಡಿದ್ದವು. ಕೂದಲು ಕಪ್ಪಿಲ್ಲ, ನೆರಳು ಕಪ್ಪಿಲ್ಲ, ಎಲ್ಲ ಒಲೆಯ ಬೂದಿ. ಮೇಷ್ಟ್ರು ಪೇಪರು ಸರಿಯಿಲ್ಲ ಎಂದು ಅಂಗಡಿಯವನಿಗೆ ಬೈದು ಬೇರೆ ಡಬ್ಬಿ ತರಿಸಿದರು. ಅದೂ ಹಾಗೇ. ಔಷಧಿ ಹೊಸದಾಗಿ ಕಲಸಿದರು. ಅದೂ ಹಾಗೇ.

ಆ ಸಲ ಕಲಿಯಲು ಬಂದವರಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಅಂಗಡಿ ಇಟ್ಟಿದ್ದ ಟೈಲರಮ್ಮ ಇದ್ದಳು. ನಲವತ್ತು ದಾಟಿದ ಹೆಂಗಸು, ಬಾಯಿ ಜೋರು, ಕೈ ಅಚ್ಚುಕಟ್ಟು. ತೀರಿಕೊಂಡ ತಾಯಿ ಹೊಲಿಗೆ ಮಿಷನ್ನಿನ ಮುಂದೆ ಕೂತ ಒಂದೇ ಒಂದು ನೆಗೆಟಿವ್ ಅವಳ ಹತ್ತಿರ ಇತ್ತು. ಅದನ್ನು ತನ್ನ ಕೈಯಾರೆ ಪ್ರಿಂಟು ಹಾಕಿ ಅಂಗಡಿಯಲ್ಲಿ ಇಡಬೇಕು, ಅದಕ್ಕಾಗಿಯೇ ಬಂದಿದ್ದಳು. ಐದು ಸಲ ಹಾಕಿದಳು. ಐದು ಸಲವೂ ತಾಯಿಯ ಮುಖ ಮಂಜಿನ ಹಿಂದೆ ಇದ್ದ ಹಾಗೆ ಬಂತು. ಆರನೇ ಭಾನುವಾರ ಟ್ರೇಯ ಪಕ್ಕದಲ್ಲಿ ಕೈ ಒರೆಸಿಕೊಂಡು, "ನನ್ನ ಕೈ ಬಟ್ಟೆಗೇ ಸರಿ ಬಿಡಿ ನೀರಮ್ಮ. ಅಮ್ಮನ ಮುಖ ಹೀಗೆ ಪದೇ ಪದೇ ಹಾಳು ಮಾಡೋಕೆ ನನ್ನಿಂದ ಆಗಲ್ಲ," ಎಂದು ಹೊರಟುಹೋದಳು. ನೆಗೆಟಿವನ್ನೂ ಅಲ್ಲೇ ಬಿಟ್ಟಳು.

ಅವಳು ಹೋದ ಮೇಲೆ ನಾನು ಆ ಆರು ವಾರದ ಪ್ರಿಂಟುಗಳನ್ನೆಲ್ಲ ಅಂಗಳಕ್ಕೆ ತಂದು ಕಟ್ಟೆಯ ಮೇಲೆ ಹರಡಿದೆ. ಹತ್ತೊಂಬತ್ತು ಇದ್ದವು. ಐದು ಜನರ ಕೈ. ಐದು ಕೈಯೂ ಒಂದೇ ತಪ್ಪು ಮಾಡುವುದು ಹೇಗೆ? ಅಷ್ಟರಲ್ಲಿ ಮೇಷ್ಟ್ರ ಮನೆಯವರು ಮರೆತುಹೋದ ಕನ್ನಡಕ ಕೊಡಲು ಬಂದರು. ಕನ್ನಡಕ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ, ನಿನ್ನೆ ಲೋಟದ ಪಕ್ಕಕ್ಕೆ ನೀರು ಬಗ್ಗಿಸಿದರು, ದೀಪ ಹಾಕೇ ಅಂತ ಮಧ್ಯಾಹ್ನ ಮೂರಕ್ಕೆ ನನ್ನನ್ನೇ ಬೈಯುತ್ತಾರೆ ಎಂದು ದೂರಿಕೊಂಡು ಹೋದರು.

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಪೇಪರು ಬೇಗ ಕಪ್ಪಾಗುತ್ತಿರಲಿಲ್ಲ, ಅವರಿಗೆ ಎಲ್ಲವೂ ಕಪ್ಪಾಗಿ ಕಾಣುತ್ತಿತ್ತು, ಅದಕ್ಕೇ ಎಪ್ಪತ್ತಕ್ಕೆ ತೆಗೆಸುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಕಣ್ಣನ್ನು ನಂಬಬೇಡಿ ಎಂದು ಊರಿಗೆಲ್ಲ ಹೇಳಿದವರು ತಮ್ಮ ಕಣ್ಣನ್ನು ಮಾತ್ರ ನಂಬಿದ್ದರು. ಮೂವತ್ತನಾಲ್ಕು ವರ್ಷ ಮೋಸ ಮಾಡದ ಕಣ್ಣು, ನಂಬದೇ ಏನು ಮಾಡಿಯಾರು?

ಇದನ್ನು ಹೇಗೆ ಹೇಳುವುದು? ಹೇಳದಿದ್ದರೆ ಟೈಲರಮ್ಮ ತನ್ನ ಕೈಯನ್ನು ಬೈದುಕೊಂಡೇ ಇರುತ್ತಾಳೆ, ಅವಳ ಹಿಂದೆ ಉಳಿದವರೂ ಹೋಗುತ್ತಾರೆ. ಹೇಳಿದರೆ ಮೇಷ್ಟ್ರು ಕ್ಲಾಸು ಬಿಟ್ಟೇಬಿಡುತ್ತಾರೇನೋ. ಕ್ಲಾಸು ಬಿಟ್ಟರೆ ಆ ಮನುಷ್ಯನಿಗೆ ಉಳಿಯುವುದೇನು? ಒಂದು ವಾರ ನೆಲ ಗುಡಿಸುತ್ತ ಅದೇ ಯೋಚನೆ ಮಾಡಿದೆ. ಗುಡಿಸಿದ ಮೆಟ್ಟಿಲನ್ನೇ ಮತ್ತೆ ಗುಡಿಸಿದೆ ಎಂದು ಟೈಪಿಂಗ್ ಹುಡುಗಿಯರು ನಕ್ಕರು.

ಮುಂದಿನ ಭಾನುವಾರ ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ, ನನಗೂ ಒಂದು ಪ್ರಿಂಟು ಹಾಕುವುದನ್ನು ಹೇಳಿಕೊಡಿ ಎಂದು ಕೇಳಿದೆ. ಮೇಷ್ಟ್ರಿಗೆ ಎಷ್ಟು ಸಂತೋಷವಾಯಿತೆಂದರೆ ಬಿಚ್ಚಿದ್ದ ಬಟ್ಟೆಯನ್ನು ಮತ್ತೆ ಕಟ್ಟಿಕೊಂಡರು. ಹನ್ನೆರಡು ವರ್ಷಕ್ಕೆ ನೀರಿನಿಂದ ಮೇಲೆ ಬಂದ್ರಲ್ಲ ಎಂದರು. ನಾನು ಟೈಲರಮ್ಮನ ನೆಗೆಟಿವ್ ಹಾಕಿದೆ. ಬೆಳಕನ್ನು ಅವಳು ಕೊಟ್ಟಷ್ಟೇ ಕೊಟ್ಟೆ, ಹದಿನಾಲ್ಕು ಎಣಿಕೆ. ಮುಖ ತೀರ ಕಪ್ಪಾಗದಂತೆ ಅದರ ಮೇಲೆ ನೆರಳು ಬೀಳಿಸಲು ತಂತಿಗೆ ಕಟ್ಟಿದ ದುಂಡು ರಟ್ಟನ್ನು ನಿಲ್ಲಿಸದೆ ಆಡಿಸಿದೆ. ಹನ್ನೆರಡು ವರ್ಷ ನೋಡಿದ್ದೆನಲ್ಲ. ಹಾಳೆಯನ್ನು ಟ್ರೇಗೆ ಜಾರಿಸಿ ಎಣಿಕೆ ಶುರು ಮಾಡಿದೆ.

ಎಪ್ಪತ್ತಕ್ಕೆ ಮೇಷ್ಟ್ರು, "ಸಾಕು, ತೆಗೀರಿ," ಎಂದರು.

ನಾನು ತೆಗೆಯಲಿಲ್ಲ. ಎಂಬತ್ತು ಎಂದೆ.

"ನೀರಮ್ಮಾ, ತೆಗೀರಿ. ಸುಟ್ಟು ಹೋಗ್ತಾ ಇದೆ."

"ತೊಂಬತ್ತು. ನೂರಿಪ್ಪತ್ತಾಗಿಲ್ಲ ಮೇಷ್ಟ್ರೇ."

"ನನ್ನ ಕಣ್ಣಿಗೆ ಕಾಣಲ್ವಾ?"

"ಕಣ್ಣನ್ನ ಬಿಡಿ ಅಂತ ಹೇಳಿಕೊಟ್ಟೋರು ನೀವೇ. ನೂರು."

ಅವರು ಕೈ ನೀಡಿದರು. ಟ್ರೇಯವರೆಗೆ ಬಂದ ಕೈ ಅಲ್ಲೇ ನಿಂತಿತು. ನೂರಹತ್ತು ಎಂದೆ. ಎಣಿಕೆ ಓಡಲಿಲ್ಲ, ನಿಲ್ಲಲೂ ಇಲ್ಲ. ನೂರಿಪ್ಪತ್ತಕ್ಕೆ ಚಿಮಟದಲ್ಲಿ ಎತ್ತಿ ಎರಡನೇ ಟ್ರೇಗೆ, ಅಲ್ಲಿಂದ ಚಿತ್ರ ಮತ್ತೆ ಬೆಳಕಿಗೆ ಕೆಡದಂತೆ ಮಾಡುವ ಮೂರನೆಯದಕ್ಕೆ ಹಾಕಿದೆ. ಅಲ್ಲಿ ಐದು ನಿಮಿಷ ಟ್ರೇ ಆಡಿಸಿದೆ.

ಒದ್ದೆ ಫೋಟೋವನ್ನು ಟ್ರೇಯಲ್ಲೇ ಅಂಗಳಕ್ಕೆ ತಂದೆ. ಗೋಡೆಯಿಂದ ನನ್ನ ಕಪ್ಪು ಹಾಳೆಯನ್ನು ಬಿಡಿಸಿ ಪಕ್ಕದಲ್ಲಿಟ್ಟೆ. ತಾಯಿಯ ಕೂದಲು, ಮಿಷನ್ನಿನ ಚಕ್ರ, ಎರಡೂ ಆ ಹಾಳೆಯಷ್ಟೇ ಕಪ್ಪು. ಮುಖ ಮಂಜಿನಿಂದ ಈಚೆ ಬಂದು ಕೂತಿತ್ತು. ಕಟ್ಟೆಯ ಮೇಲೆ ಆ ಹತ್ತೊಂಬತ್ತನ್ನೂ ಇಟ್ಟೆ. ಮೇಷ್ಟ್ರು ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋದರು. ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಮುಚ್ಚಿ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕೂತರು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಗೊತ್ತಾಗಿದ್ದು ಹೋದ ಭಾನುವಾರ. ಎಣಿಕೆ ನಿಂತಿದ್ದು ಅದಕ್ಕೂ ಆರು ವಾರ ಮುಂಚೆ."

ಮೇಷ್ಟ್ರು ಒಂದು ಬಿಳಚಿದ ಫೋಟೋ ಎತ್ತಿ ಮತ್ತೆ ಕಟ್ಟೆಯ ಮೇಲಿಟ್ಟರು. ಮೇಲಿನ ಹೊಲಿಗೆ ಕ್ಲಾಸಿನ ಕಿಟಕಿಯನ್ನು ಯಾರೋ ಮುಚ್ಚಿದರು. "ಪಾಪ, ಆ ಅಂಗಡಿಯವನಿಗೆ ಎಷ್ಟು ಬೈದೆ," ಎಂದರು ಕೊನೆಗೆ. ಆ ಹತ್ತೊಂಬತ್ತನ್ನು ಎಸೆದುಬಿಡಿ ಎಂದು ಹೇಳಿ ಎದ್ದರು. ನಾನು ಹೂಂ ಎಂದೆ.

ಮಾರನೇ ದಿನ ಬೆಳಿಗ್ಗೆ ಒಣಗಿದ ಫೋಟೋ ತೆಗೆದುಕೊಂಡು ಅವರೇ ಟೈಲರಮ್ಮನ ಅಂಗಡಿಗೆ ಹೊರಟರು, ನನ್ನನ್ನೂ ಕರೆದರು. ಅವಳು ಮಿಷನ್ ನಿಲ್ಲಿಸಿ ಫೋಟೋವನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಯಾರು ಮಾಡಿದ್ದು ಎಂದಳು. ನೀನೇ, ಬೆಳಕು ನಿನ್ನದೇ, ಟ್ರೇಯಲ್ಲಿ ಐವತ್ತು ಎಣಿಕೆ ಹೆಚ್ಚಿಗೆ ಇಟ್ಟಿದ್ದು ಮಾತ್ರ ನಾನು ಎಂದೆ. ಆಗ ಮೇಷ್ಟ್ರು ಗಿರಾಕಿಯ ಹಾಗೆ ಮೇಜಿನ ಈಚೆ ನಿಂತುಕೊಂಡೇ ಹೇಳಿದರು, "ತಪ್ಪು ನಿನ್ನ ಕೈಯದಲ್ಲಮ್ಮ. ನನ್ನ ಕಣ್ಣಿಂದು."

ಟೈಲರಮ್ಮ ಅವರನ್ನು ಒಂದು ಗಳಿಗೆ ನೋಡಿದಳು. ಒಂದು ಸೂಜಿ, ಒಂದು ಎಳೆ ದಾರ ಅವರ ಕೈಗೆ ಕೊಟ್ಟು, "ಪೋಣಿಸಿ ನೋಡೋಣ," ಎಂದಳು. ಮೇಷ್ಟ್ರು ದಾರವನ್ನು ಸೂಜಿಯ ಆ ಕಡೆಗೆ, ಈ ಕಡೆಗೆ, ಕೊನೆಗೆ ತಮ್ಮ ಹೆಬ್ಬೆರಳಿಗೇ ಚುಚ್ಚಿದರು. ಅವಳು ಸೂಜಿ ಕಿತ್ತುಕೊಂಡಳು. "ಮೊದಲು ಕಣ್ಣು ತೋರಿಸ್ಕೊಂಡು ಬನ್ನಿ. ನೀವು ಇದಕ್ಕೆ ದಾರ ಪೋಣಿಸಿದ ದಿನ ನಾನು ಕ್ಲಾಸಿಗೆ ವಾಪಸ್ಸು."

ಆಸ್ಪತ್ರೆಯೆಂದರೆ ಅವರಿಗೆ ಆಗುತ್ತಿರಲಿಲ್ಲ. ಮನೆಯವರು ಒಂದು ವರ್ಷದಿಂದ ಹೇಳಿ ಸೋತಿದ್ದರಂತೆ. ಆ ಸೂಜಿ ಒಂದೇ ದಿನಕ್ಕೆ ಕೆಲಸ ಮಾಡಿತು. ಎರಡು ಕಣ್ಣಿಗೂ ಒಂದರ ನಂತರ ಒಂದು ಪೊರೆ ತೆಗೆಸಿದರು. ನಡುವಿನ ಭಾನುವಾರಗಳಲ್ಲಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳಿಕೊಡುತ್ತಿದ್ದರು. ತೆಗೀರಿ ಎಂದು ಒಮ್ಮೆಯೂ ಹೇಳಲಿಲ್ಲ. ಅದು ನನ್ನ ಎಣಿಕೆಗೆ ಬಿಟ್ಟದ್ದು. ಕನ್ನಡಕ ತೆಗೆದ ದಿನ ನೇರ ಟೈಲರಮ್ಮನ ಅಂಗಡಿಗೆ ಹೋಗಿ, ಎರಡನೇ ಪ್ರಯತ್ನಕ್ಕೆ ದಾರ ಪೋಣಿಸಿ, ಆ ಸೂಜಿಯನ್ನು ಅವಳ ಟೇಪಿಗೆ ಸಿಕ್ಕಿಸಿ ಬಂದರು. ಕ್ಲಾಸಿಗೆ ಬಂದು ಸುತ್ತ ನೋಡಿದರು. "ಈ ಗೋಡೆ ಇಷ್ಟು ಕೊಳಕಾಗಿದೆ ಅಂತ ಯಾರೂ ಹೇಳಲೇ ಇಲ್ವಲ್ಲ," ಎಂದರು. ನನ್ನ ಕಡೆ ತಿರುಗಿ, "ನೀರಮ್ಮಾ, ನಿಮಗೂ ಇಷ್ಟೊಂದು ಬಿಳಿ ಕೂದಲಾ?" ಎಂದರು. ನಿಮ್ಮದನ್ನು ಕನ್ನಡಿಯಲ್ಲಿ ನೋಡಿಕೊಂಡು ಬನ್ನಿ ಎಂದು ನಾನೂ ಹೇಳಿದೆ.

ಅದಾದ ಮೇಲೆ ಏಳು ವರ್ಷ ಕಲಿಸಿದರು. ಮೊದಲ ವಾರದ ಪಾಠ ಮಾತ್ರ ಬದಲಾಯಿತು. ಹೊಸಬರು ಬಂದಾಗಲೆಲ್ಲ ತಮ್ಮ ಕಣ್ಣಿನ ಕಥೆ ಹೇಳಿ, ಎಪ್ಪತ್ತಕ್ಕೆ ತೆಗಿ ಅಂತ ಮೇಷ್ಟ್ರೇ ಹೇಳಿದ್ರೂ ತೆಗೀಬೇಡಿ ಎನ್ನುತ್ತಿದ್ದರು. ನನ್ನ ಮೊದಲ ಪ್ರಿಂಟೆಂದು ಟೈಲರಮ್ಮನ ತಾಯಿಯ ಇನ್ನೊಂದು ಪ್ರತಿ ಗೋಡೆಗೆ ಹೋಗಬೇಕಿತ್ತು. ಮೇಷ್ಟ್ರು ಒಪ್ಪಲಿಲ್ಲ. ಒಬ್ಬರಿಗೆ ಒಂದೇ ಮೊದಲ ಪ್ರಿಂಟು, ನಿಮ್ಮದು ಆಗಲೇ ಇದೆ ಎಂದು ಆ ಕಪ್ಪು ಹಾಳೆ ತೋರಿಸಿದರು.

ಎಂಬತ್ತೊಂದನೇ ವಯಸ್ಸಿಗೆ ಮೇಷ್ಟ್ರ ಕಾಲು ಸೋತಿತು. ಮೆಟ್ಟಿಲಿನ ಹಿಂದಿನ ಕೋಣೆಯನ್ನು ಟೈಲರಮ್ಮನ ಕೈಗೆ ಒಪ್ಪಿಸಿದರು. ಅವಳು ಪಾಠ ಹೇಳುತ್ತಾಳೆ, ನಾನು ಎಣಿಸುತ್ತೇನೆ, ಈಗಲೂ. ಭಾನುವಾರ ಮಧ್ಯಾಹ್ನ ಕ್ಲಾಸು ಮುಗಿಸಿಕೊಂಡು ಆ ದಿನದ ಫೋಟೋಗಳನ್ನು ಅವರ ಮನೆಗೆ ಒಯ್ಯುತ್ತಿದ್ದೆ. ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿ ಒಂದೊಂದನ್ನೂ ನೋಡುತ್ತಿದ್ದರು. ಮನೆಯವರು, ಈಗಲಾದರೂ ಇವರ ಮುಖ ಬೆಳಕಲ್ಲಿ ಸಿಕ್ಕಿತು ಎಂದು ನಗುತ್ತಿದ್ದರು.

ಅವರು ಹೋದದ್ದು ಒಂದು ಗುರುವಾರ ಬೆಳಗಿನ ನಿದ್ದೆಯಲ್ಲಿ. ಅದಕ್ಕೆ ಹಿಂದಿನ ಭಾನುವಾರ ನಾನು ಹೋದಾಗ ಚೆನ್ನಾಗಿಯೇ ಇದ್ದರು. ಹೊಸಬರ ಫೋಟೋ ನೋಡಿ ಮುಗಿಸಿದರು. ಆಮೇಲೆ, ಅವತ್ತು ಎಸೆಯಿರಿ ಎಂದಿದ್ದ ಹತ್ತೊಂಬತ್ತನ್ನು ಎಸೆದಿರಾ ಎಂದು ವಿಚಾರಿಸಿದರು. ನಾನು ಎಸೆದಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಬಟ್ಟೆಯ ಅಡಿಯಲ್ಲಿಟ್ಟಿದ್ದೆ. ಮನೆ ಹತ್ತಿರವೇ, ಹೋಗಿ ತಂದೆ.

ಕಿಟಕಿಯ ಬೆಳಕಿಗೆ ಹಿಡಿದು ಹತ್ತೊಂಬತ್ತನ್ನೂ ನೋಡಿದರು. ಬಿಳಚಿದ ಮುಖಗಳು, ಬೂದಿಯಂಥ ಮರಗಳು, ಮಂಜಿನ ಹಿಂದಿನ ಆ ತಾಯಿ ಐದು ಸಲ. ಏಳೆಂಟು ವರ್ಷವಾಗಿದ್ದರೂ ಅಂಚಿನ ಬಿಳಿ ಬಿಳಿಯಾಗಿಯೇ ಇತ್ತು, ಒಂದರಲ್ಲೂ ಹಳದಿಯ ಸುಳಿವಿರಲಿಲ್ಲ. ಒಂದನ್ನು ತಿರುಗಿಸಿ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದರು. ಇವನ್ನು ಟೈಲರಮ್ಮನಿಗೆ ಕೊಡಿ, ಹೊಸಬರಿಗೆ ಮೊದಲ ವಾರ ಇವನ್ನೇ ತೋರಿಸಲಿ ಎಂದರು. ನನ್ನ ಮಡಿಲಿಗೆ ವಾಪಸ್ಸು ಕೊಡುವಾಗ ಅವರ ತುಟಿಯ ಕೊನೆಯಲ್ಲಿ ನಗುವಿತ್ತು. ಉತ್ತರ ಕೈಯಲ್ಲೇ ಇದ್ದರೂ ಕೇಳಿದರು:

"ಇವಕ್ಕೂ ಪೂರ್ತಿ ಒಂದು ಗಂಟೆ ನೀರು ಕೊಟ್ಟಿದ್ರಾ ನೀರಮ್ಮಾ?"